ಸುಲ್ತಾನನೇ ಇರಲಿಲ್ಲ

ವೆಳ್ಳಚ್ಚಿ ಅಂಗಳದ ಅಂಚಿನಲ್ಲಿ ಬಂದು ಕೂತಿದ್ದಾಳೆಂದು ಬಾಗಿಲು ತೆಗೆಯುವ ಮೊದಲೇ ಪದ್ಮಪ್ಪನಿಗೆ ಗೊತ್ತಾಗಿತ್ತು. ಅವಳು ಕೆಮ್ಮಿರಲಿಲ್ಲ, ಕರೆದಿರಲಿಲ್ಲ. ನಾಯಿ ಬೊಗಳದೆ ಇದ್ದದ್ದೇ ಗುರುತು. ಅಂಚೆಯವನಿಗೆ ಬೊಗಳುವ, ಕಾಫಿ ವ್ಯಾಪಾರಿಗೆ ಬೊಗಳುವ, ಬಸದಿಯ ಪುರೋಹಿತರಿಗೂ ನಾಚಿಕೆಯಿಲ್ಲದೆ ಬೊಗಳುವ ಆ ನಾಯಿ ವೆಳ್ಳಚ್ಚಿಗೂ ಅವಳ ಮಗ ಮಾರನ್‌ಗೂ ಮಾತ್ರ ಬಾಲ ಅಲ್ಲಾಡಿಸಿ ಸುಮ್ಮನಾಗುತ್ತಿತ್ತು. ಅನ್ನ ಹಾಕುವವನು ನಾನು, ಬಾಲ ಅವರಿಗೆ, ಎಂದುಕೊಂಡು ಪದ್ಮಪ್ಪ ಚಿಲಕದ ಮೇಲೆ ಕೈಯಿಟ್ಟೇ ನಿಂತ. ಒಳಗೆ ಹೆಂಡತಿ ಜಿನಮತಿ ನೀರು ಸೋಸುತ್ತಿದ್ದಳು. ಬಟ್ಟೆಯಿಂದ ನೀರು ಕೊಡಕ್ಕೆ ಬೀಳುವ ಸಣ್ಣ ಸದ್ದು. ಕಣ್ಣಿಗೆ ಕಾಣದ ಜೀವವೂ ಗಂಟಲಿಗೆ ಸಿಕ್ಕಿ ಸಾಯಬಾರದೆಂದು ಸೋಸುವ ನೀರು. ಆ ಸದ್ದು ಇವತ್ತು ಬೇಕೆಂದೇ ನಿಧಾನವಾಗಿದೆ, ಇವಳು ಕಿವಿ ಇತ್ತ ಇಟ್ಟುಕೊಂಡೇ ಸೋಸುತ್ತಿದ್ದಾಳೆ ಎಂದು ಅವನಿಗೆ ಅನಿಸಿತು. ಬಾಗಿಲು ತೆಗೆದ.

“ಗೌಡ್ರೇ.”

“ಏನು?”

“ದೊಡ್ಡ ಸಾರ್ ಇವತ್ತು ಕ್ಯಾಂಪಿಗೆ ಬರ್ತಾರಂತೆ. ಕರುಣಾಕರನ್ ಮಾಷ್ ಹೇಳ್ತು. ನಿಮ್ಮನ್ನ ಕರೀತಾರಂತೆ.”

“ನನಗೆ ಗೊತ್ತಿಲ್ವಾ? ಪೊಲೀಸಿನವನು ನಿನ್ನೇನೇ ಬಂದು ಹೇಳಿಹೋದ.”

“ಒಂದು ವಾಕ್ಕು ಹೇಳಿ ಗೌಡ್ರೇ. ವಂಡಿಗೆ ಹತ್ತಿಸ್ಕೊಂಡು ಹೋದ್ರು, ನಾನು ಕಂಡೆ, ಅಂತ. ಅಷ್ಟೇ. ನೀವು ಅದು ಹೇಳಿದ್ರೆ ಅವರು ನನ್ನ ಮೋನನ್ನ ತೋರಿಸ್ಲೇಬೇಕು ಅಂತ ಮಾಷ್ ಹೇಳ್ತು.”

“ನೀನೂ ಕಂಡೆಯಲ್ಲ? ನೀನೇ ಹೇಳು.”

“ನಾನು ಹೇಳಿದ್ದು ವಾಕ್ಕಾ ಗೌಡ್ರೇ?” ಎಂದಳು ವೆಳ್ಳಚ್ಚಿ. ಕುಟುಕಿ ಅಲ್ಲ, ಹೌದೋ ಅಲ್ಲವೋ ತಿಳಿಯದೆ ನಿಜವಾಗಿಯೇ ಕೇಳುವಂತೆ.

ಅದಕ್ಕೇ ಪದ್ಮಪ್ಪನಿಗೆ ಸಿಟ್ಟು ಬಂತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. “ನನಗೆ ಹೇಳಿಕೊಡೋಕೆ ಬರಬೇಡ. ಏನು ಹೇಳಬೇಕು ಅಂತ ನನಗೆ ಗೊತ್ತು” ಎಂದು ಕಿರುಚಿ ಒಳಗೆ ಬಂದ. ಬಂದ ಮೇಲೆ, ಏನು ಹೇಳಬೇಕೆಂದು ತನಗೆ ಗೊತ್ತಿದೆಯೇ ಎಂದು ಕೇಳಿಕೊಂಡ. ತಿರುನೆಲ್ಲಿಯ ಕಾಡಿಗೆ ನಕ್ಸಲರು ಬಂದಿದ್ದಾರೆಂದು ಊರಿಗೆ ಊರೇ ಕದ ಹಾಕಿಕೊಳ್ಳುತ್ತಿದ್ದ ಕಾಲ. ಮುಖ್ಯರಸ್ತೆಯ ಹಳೆಯ ಕಾಫಿ ಗೋದಾಮಿನಲ್ಲಿ ರಿಸರ್ವ್ ಪೊಲೀಸರು ಬಂದು ಇಳಿದಿದ್ದರು. ಹೋದ ವಾರ ಪದ್ಮಪ್ಪನ ಗದ್ದೆಗೆ ಇಬ್ಬರು ಪೊಲೀಸರು ಜೀಪಿನಿಂದ ಇಳಿದು ಬಂದು, ಸಸಿಮಡಿಗೆ ನೀರು ತಿರುಗಿಸುತ್ತಿದ್ದ ಮಾರನನ್ನು ಕರೆದರು. ಮಾರನ್ ಗುದ್ದಲಿಯನ್ನು ಕೆಸರಿಗೆ ಊರಿ, ಕೈ ತೊಳೆದುಕೊಂಡು, ಬದುವಿನ ಮೇಲೆ ನಿಂತಿದ್ದ ಪದ್ಮಪ್ಪನ ಕಡೆ ಒಂದು ಸಲ ನೋಡಿದ. ಪದ್ಮಪ್ಪ ಬಗ್ಗಿ ಕಳೆ ಕೀಳಲು ತೊಡಗಿದ. ಆ ಜಾಗದಲ್ಲಿ ಕಳೆಯೇ ಇರಲಿಲ್ಲ. ಬರಿಯ ಮಣ್ಣನ್ನು ಉಗುರಿನಿಂದ ಕೆರೆದ. ಜೀಪು ಹೋದ ಮೇಲೂ ಕೆರೆಯುತ್ತಿದ್ದ. ಅಂಥ ಆಳನ್ನು ನಾವು ಹಿಡಿದೇ ಇಲ್ಲ, ಅವನು ಕಾಡು ಸೇರಿರಬೇಕು ಎಂದು ಈಗ ಕ್ಯಾಂಪಿನವರು ಹೇಳುತ್ತಿದ್ದರು. ಶಾಲೆಯ ಮಾಷ್ ಕೋಝಿಕ್ಕೋಡಿಗೆ ಹೋಗಿ ಗಲಾಟೆ ಮಾಡಿದ್ದರಿಂದ ಮೇಲಿನವನೊಬ್ಬ ವಿಚಾರಣೆಗೆ ಬರುತ್ತಿದ್ದ. ತಾಯಿಯನ್ನು ಬಿಟ್ಟರೆ ಕಂಡವನು ಒಬ್ಬನೇ, ಪದ್ಮಪ್ಪ ಗೌಡ. ಅವನನ್ನು ಕೇಳಿ ಎಂದು ಮಾಷ್ ಹೇಳಿ ಬಂದಿದ್ದ. ಕೆಸರಿನಲ್ಲಿ ನಿಂತೇ ಇದ್ದ ಗುದ್ದಲಿಯನ್ನು ಅವತ್ತು ಸಂಜೆ ಪದ್ಮಪ್ಪನೇ ಕಿತ್ತು ತಂದು ತೊಳೆದು ಅಟ್ಟಕ್ಕೆ ಹಾಕಿದ್ದ. ಯಾಕೆ ಅಟ್ಟಕ್ಕೆ? ಗುದ್ದಲಿಗಳು ಇರುವುದು ಕೊಟ್ಟಿಗೆಯ ಗೋಡೆಗೆ.

ಹೊರಡುವಾಗ ಅಂಗಳವನ್ನು ನೋಡದೆ ದಾಟಬೇಕೆಂದುಕೊಂಡಿದ್ದ; ಕಣ್ಣು ಹೋಯಿತು. ಕೊಟ್ಟಿಗೆಯ ಪಕ್ಕ ಸಾಲಾಗಿ ಕುಳಿಗಳು. ಆಳುಗಳಿಗೆ ಮಧ್ಯಾಹ್ನದ ಗಂಜಿ ಬಡಿಸುವುದು ಅಲ್ಲಿ: ನೆಲದಲ್ಲಿ ಬೋಗುಣಿಯಷ್ಟು ತೋಡಿದ ಕುಳಿ, ಅದರೊಳಗೆ ಬಾಳೆಲೆ, ಎಲೆಯೊಳಗೆ ಗಂಜಿ, ಹಲಸಿನೆಲೆ ಮಡಿಸಿ ಮಾಡಿದ ಚಮಚ. ಯಾರ ಕುಳಿ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ತುದಿಯದು ಮಾರನದು. ಅದಕ್ಕೂ ಮೊದಲು ಅವನ ಅಪ್ಪನದಾಗಿತ್ತು. ಅಪ್ಪ ಸತ್ತ ಮೇಲೆ ಮಗ ಅದನ್ನೇ ಸ್ವಲ್ಪ ಅಗಲ ಮಾಡಿಕೊಂಡಿದ್ದ. ಈಗ ಅದರಲ್ಲಿ ಅರ್ಧ ಒಣಮಣ್ಣು. ಜೀಪು ಬರುವುದಕ್ಕೆ ಸ್ವಲ್ಪ ದಿನ ಮುಂಚೆ ಮಾರನ್ ಎಲೆಯನ್ನು ಮಡಿಸಿ ಬದಿಗಿಟ್ಟು, “ತಟ್ಟೇಲಿ ಕೊಟ್ರೆ ಉಣ್ತೇನೆ ಗೌಡ್ರೇ” ಎಂದಿದ್ದ. ಅಷ್ಟೇ ಹೇಳಿದ್ದು. ಕೂಲಿ ಕೇಳಿರಲಿಲ್ಲ, ಭೂಮಿ ಕೇಳಿರಲಿಲ್ಲ, ಕೆಂಪು ಬಾವುಟ ಹಿಡಿದಿರಲಿಲ್ಲ. ತಟ್ಟೆ. ಪದ್ಮಪ್ಪ ಕಾಲಿನಿಂದ ಕುಳಿಗೆ ಮಣ್ಣು ಒದ್ದ. ಮಾರನ್ ಎದ್ದು ಹಸಿದ ಹೊಟ್ಟೆಯಲ್ಲೇ ಗದ್ದೆಗೆ ಇಳಿದ. ಮರುದಿನವೂ ಬಂದ, ಕೆಲಸ ಮಾಡಿದ, ಉಣ್ಣದೆ ಹೋದ. ಬಂದು ಬೈದು ಕೆಲಸ ಬಿಟ್ಟಿದ್ದರೆ ಏನಾಗುತ್ತಿತ್ತು ಅವನಿಗೆ?

ಮೆಟ್ಟಿಲು ಇಳಿದ. ಅವನ ಮನೆಯ ಕೆಳಗಿನ ಮೆಟ್ಟಿಲಿನ ಒಂದು ಅಂಚಿನಲ್ಲಿ ತಾವರೆಯ ಎಸಳುಗಳನ್ನು ಕೆತ್ತಿತ್ತು. ಸವೆದು ಸವೆದು ಎಸಳೋ ಬಿರುಕೋ ತಿಳಿಯದಂತಾಗಿತ್ತು. ಆ ಕಲ್ಲನ್ನು ಪದ್ಮಪ್ಪ ಯಾವತ್ತೂ ತುಳಿಯುತ್ತಿರಲಿಲ್ಲ. ಯಾರಾದರೂ ಕೇಳಿದರೆ ಜಾರುತ್ತದೆ ಎನ್ನುತ್ತಿದ್ದ.

ಟಿಪ್ಪು ಸುಲ್ತಾನನೇ ಇರಲಿಲ್ಲ ಎಂಬ ಅವನ ವಾದ ಕಾಟ್ಟಿಕುಳದ ಗೋಪಾಲನ್‌ನ ಚಹಾದಂಗಡಿಯಲ್ಲಿ ಹೆಸರಾಗಿತ್ತು. ಬೀಜ ಬಿದ್ದದ್ದು ಶಾಲೆಯಲ್ಲಿ. ಸುಲ್ತಾನ ಸತ್ತ ಇಸವಿ ಹೇಳಲಿಲ್ಲವೆಂದು ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, ಗೌಡರ ಮಗನ ತಲೆಯಲ್ಲಿ ಏನಿದೆಯೋ, ಸಗಣಿಯೋ ಎಂದಿದ್ದರು. ಇಡೀ ತರಗತಿ ನಕ್ಕಿತ್ತು. ಆ ನಗು ಇನ್ನೂ ಕಿವಿಯಲ್ಲಿತ್ತು. ದೊಡ್ಡವನಾದ ಮೇಲೆ ಒಂದು ದಿನ, ಊರ ಕಾಡಂಚಿನ ಮುರಿದ ಬಸದಿಯನ್ನು ಸುಲ್ತಾನನೇ ಒಡೆದದ್ದು ಎಂದು ಯಾರೋ ಚಹಾ ಕುಡಿಯುತ್ತ ಹೇಳಿದಾಗ ಪದ್ಮಪ್ಪ ತಟಕ್ಕನೆ, “ಇದ್ದರೆ ತಾನೇ ಒಡೆಯೋಕೆ?” ಎಂದುಬಿಟ್ಟ. ಆಗ ನಕ್ಕರು. ಈ ಸಲ ನಕ್ಕದ್ದು ಅವನ ಪರವಾಗಿ. ಅವತ್ತಿನಿಂದ ವಾದ ಬೆಳೆಯಿತು. ವಯನಾಡಿನಲ್ಲಿ ಮೂಗು ಮುರಿದ ಮೂರ್ತಿ ಎಲ್ಲಿದ್ದರೂ ಅದು ಸುಲ್ತಾನನ ಕೈಕೆಲಸವಂತೆ. ಇಷ್ಟೊಂದು ಮೂಗು ಮುರಿದವನಿಗೆ ರಾಜ್ಯ ಆಳಲು ಪುರುಸೊತ್ತು ಎಲ್ಲಿ? ಪ್ರತಿ ಊರಿನಲ್ಲೂ ಅವನು ಕುದುರೆ ಕಟ್ಟಿದ ಹಲಸಿನ ಮರ. ಕುದುರೆ ಒಂದೇ, ಮರ ಸಾವಿರ, ಹಾಗಾದರೆ ಸವಾರಿ ಮಾಡಿದ್ದು ಯಾವಾಗ, ಬರೀ ಕಟ್ಟಿದ್ದೇ? ಕೂರುವುದು ಹುಲಿಯ ಮೇಲೆ, ಉಡುವುದು ಹುಲಿಪಟ್ಟೆ, ಕೋವಿಗೆ ಹುಲಿಮುಖ; ಇದು ಮನುಷ್ಯನಲ್ಲಯ್ಯಾ, ಹುಲಿಗೆ ಹೆದರಿದವರು ಹುಲಿಗೇ ಒಂದು ಪೇಟ ಸುತ್ತಿ ಸುಲ್ತಾನ ಅಂದರು. ಕೊನೆಯ ವಾದಕ್ಕೆ ಅವನು ಗಾಜಿನ ಲೋಟ ಕೆಳಗಿಡುತ್ತಿದ್ದ. “ಸತ್ತದ್ದನ್ನು ಕಂಡವರು ಯಾರು? ಕೊಂದವರು. ಹೆಣ ತೋರಿಸಿದವರು ಯಾರು? ಕೊಂದವರು. ಕೊಂದವನೊಬ್ಬನೇ ಸಾಕ್ಷಿ ಆದರೆ ಸತ್ತವನು ಇದ್ದ ಅಂತ ನಾನು ಯಾಕಯ್ಯಾ ನಂಬಲಿ?” ಆಗ ಗೋಪಾಲನ್ ಒಲೆಯ ಮುಂದೆ ನಿಂತೇ ಚಪ್ಪಾಳೆ ತಟ್ಟುತ್ತಿದ್ದ. ಇನ್ನೊಂದು ವಾದ ಇತ್ತು, ಅದನ್ನು ಅಂಗಡಿಯಲ್ಲಿ ಎತ್ತಿರಲಿಲ್ಲ. ಬಸದಿಯ ಕಲ್ಲು ಹೋದದ್ದು ಎಲ್ಲಿಗೆ? ಸುಲ್ತಾನ ಕಲ್ಲು ಹೊತ್ತುಕೊಂಡು ಹೋದನೇ? ಅಜ್ಜ ಮನೆ ಕಟ್ಟಿಸಿದ್ದು ಯಾವ ಕಲ್ಲಿನಲ್ಲಿ? ಸುಲ್ತಾನ ಇರಲೇಬೇಕಾದದ್ದು ಯಾರಿಗೆ?

ಅಂಗಡಿಗೆ ಬಂದಾಗ ಬೆಂಚಿನವರು ಸರಿದು ಜಾಗ ಮಾಡಿದರು. ಅಗತ್ಯಕ್ಕಿಂತ ಹೆಚ್ಚು ಸರಿದರು. ಗೋಪಾಲನ್ ಚಹಾವನ್ನು ಕೈಗೆ ಕೊಡದೆ ಬೆಂಚಿನ ಮೇಲೆ ಇಟ್ಟ.

“ಗೌಡರು ಇವತ್ತು ಕ್ಯಾಂಪಿಗೋ?”

“ಯಾಕೆ, ನಿನಗೂ ಕರೆ ಬಂದಿದೆಯಾ?”

“ನಮಗೆ ಯಾಕಪ್ಪಾ ಬರ್ತದೆ? ನಾವು ಚಾಯ ಕಾಯಿಸುವವರು. ಬಂದವರು ಹೇಳಿದ್ದು ಒಂದು ಕಿವಿಯಲ್ಲಿ ಬರ್ತದೆ, ಇನ್ನೊಂದರಲ್ಲಿ ಹೋಗ್ತದೆ.”

ಇವನು ಯಾಕೆ ಹೀಗೆ ಹೇಳಿದ? ಯಾರಾದರೂ ಕೇಳಿದ್ದರೇ? ಮಾರನ ಹೆಸರು ಕ್ಯಾಂಪಿಗೆ ಮುಟ್ಟಿಸಿದ್ದು ಯಾರೆಂದು ಪದ್ಮಪ್ಪ ವಾರದಿಂದ ಒಬ್ಬೊಬ್ಬರನ್ನೇ ತೂಗುತ್ತಿದ್ದ. ಗೋಪಾಲನ್ ಇರಬಹುದು, ಪೊಲೀಸರ ಚಹಾ ಹೋಗುವುದು ಇಲ್ಲಿಂದಲೇ. ಕರುಣಾಕರನ್ ಮಾಷೇ ಇರಬಹುದು. ತೊಟ್ಟಿಲು ತೂಗುವವರೇ ಚಿವುಟುವುದೂ ಇದೆ. ಜಿನಮತಿ ಇರಬಹುದು, ಕೇಳಿದರೆ ಅಳುತ್ತಾಳೆ. ಎಲ್ಲರನ್ನೂ ತೂಗಿ ಮುಗಿದ ಮೇಲೆ ಉಳಿಯುವ ಒಂದು ಸಂಜೆ ಇತ್ತು. ಇದೇ ಬೆಂಚು. ಅವನು ಸುಲ್ತಾನನ ವಾದ ಮುಗಿಸಿದ್ದ, ನಗು ಇನ್ನೂ ಇಳಿದಿರಲಿಲ್ಲ, ಇನ್ನೊಂದು ಬೇಕೆನ್ನುವ ಹಾಗೆ ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. “ನಮ್ಮ ಮಾರನ್ ಈಗ ಸಖಾವು ಆಗಿದಾನಪ್ಪಾ, ಕೆಂಪು ಬಾವುಟದ ಕಾಮ್ರೇಡು. ಕುಳಿಯಲ್ಲಿ ಗಂಜಿ ಇಳಿಯೋದಿಲ್ಲವಂತೆ, ತಟ್ಟೆ ಬೇಕಂತೆ. ನಾಳೆ ಹುಲಿಯ ಸಿಂಹಾಸನ ಕೇಳ್ತಾನೆ” ಎಂದ. ಭಾರೀ ನಗು ಬಿತ್ತು. ಬೀಡಿ ಕೊಳ್ಳುತ್ತಿದ್ದ, ಪಟ್ಟೆ ಲುಂಗಿಯ, ತಲೆಗೂದಲು ತೀರಾ ಸಣ್ಣಗೆ ಕತ್ತರಿಸಿದ್ದ ಒಬ್ಬ ಹೊರಗಿನವನು ಮಾತ್ರ ನಗದೆ, ಬೆಂಕಿಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಹೋಗಿದ್ದ. ಪದ್ಮಪ್ಪ ಆ ಸಂಜೆಯ ಹತ್ತಿರ ಬಂದಾಗಲೆಲ್ಲ ಮತ್ತೆ ಗೋಪಾಲನ್‌ನಿಂದ ತೂಗಲು ಶುರುಮಾಡುತ್ತಿದ್ದ.

ಕ್ಯಾಂಪಿನ ಗೋದಾಮಿನಲ್ಲಿ ಇನ್ನೂ ಕಾಫಿ ಸಿಪ್ಪೆಯ ಹುಳಿವಾಸನೆ ಇತ್ತು. ಹೊರಗೆ ಬೇಲಿಯ ಹತ್ತಿರ ವೆಳ್ಳಚ್ಚಿ ಆಗಲೇ ಬಂದು ಕುಕ್ಕರುಗಾಲಲ್ಲಿ ಕೂತಿದ್ದಳು. ತನಗಿಂತ ಮೊದಲು ಯಾವ ದಾರಿಯಲ್ಲಿ ಬಂದಳೋ. ಒಳಗೆ ಇನ್ಸ್‌ಪೆಕ್ಟರ್ ಎದ್ದು ನಿಂತು ಸ್ವಾಗತಿಸಿದ. ಪದ್ಮಪ್ಪನಿಗೆ ಯಾವ ಅಧಿಕಾರಿಯೂ ಎದ್ದು ನಿಂತಿರಲಿಲ್ಲ. ಕಂದಾಯದ ಕಚೇರಿಯಲ್ಲಿ ಅವನ ಮಲಯಾಳ ಕೇಳಿ ಗುಮಾಸ್ತರು, ಕನ್ನಡದ ಗೌಡ ಬಂದ ಎಂದು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದರು. ಇಲ್ಲಿ ಕುರ್ಚಿ ಕೊಟ್ಟರು. ಎದುರು ಕೂತ ದೊಡ್ಡ ಅಧಿಕಾರಿ ತೆಳ್ಳಗಿನ, ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಂದವನಂತೆ ಬಿಳಿಚಿದ ಮನುಷ್ಯ. ಬೇಗ ಮುಗಿಸಿ ಇಳಿದುಹೋಗಬೇಕೆಂಬುದು ಅವನ ಮುಖದಲ್ಲೇ ಇತ್ತು.

“ಸಾರ್, ನಾನು ಹೇಳಿದ್ದು ಇವರೇ” ಎಂದ ಇನ್ಸ್‌ಪೆಕ್ಟರ್ ಮಲಯಾಳದಲ್ಲಿ. “ಟಿಪ್ಪು ಇರಲೇ ಇಲ್ಲ ಅಂತ ಸಾಬೀತು ಮಾಡಿಕೊಡುವ ಗೌಡರು. ಸಾರ್ ಒಂದು ಸಲ ಕೇಳಲೇಬೇಕು. ಗೌಡರೇ, ಆ ಕುದುರೆ ಕಟ್ಟಿದ್ದು ಹೇಳಿ.”

“ಅದು ಈಗ ಯಾಕೆ ಸಾರ್...”

“ಹೇಳಿ ಹೇಳಿ. ಸಾರ್‌ಗೆ ತಲೆನೋವು ಹೋಗಲಿ.”

ಇವನು ತನ್ನನ್ನು ಕುಣಿಸುತ್ತಿದ್ದಾನೆಂದು ಪದ್ಮಪ್ಪನಿಗೆ ತಿಳಿಯದೆ ಇರಲಿಲ್ಲ. ಸ್ವಲ್ಪ ಹೇಳಿ ಬಿಸಿಯಾದ ಮೇಲೆ ಮಾರನ ಮಾತನ್ನು ತಾನೇ ಎತ್ತುತ್ತೇನೆ, ನಗುವ ಮನುಷ್ಯನ ಹತ್ತಿರ ಸತ್ಯ ಹೇಳುವುದು ಸುಲಭ, ಎಂದುಕೊಂಡ. ಕುದುರೆಯನ್ನು ಹೇಳಿದ. ಮೂಗುಗಳನ್ನು ಹೇಳಿದ. ಅಧಿಕಾರಿಯ ತುಟಿ ಮೊದಲು ಒಂದು ಕಡೆ ಏರಿತು, ಆಮೇಲೆ ಹಲ್ಲು ಕಂಡಿತು. ಬಾಗಿಲಲ್ಲಿ ಕಾನ್‌ಸ್ಟೆಬಲ್‌ಗಳು ಗುಂಪಾದರು. ಬೆಂಚಿನ ಮೇಲೆ ನಿಂತ ಹುಡುಗ ಇಳಿದ, ಇಡೀ ತರಗತಿ ಅವನ ಪರವಾಗಿ ನಗುತ್ತಿತ್ತು. ಹುಲಿಗೆ ಪೇಟ ಸುತ್ತಿದ ಹೊತ್ತಿಗೆ ಅಧಿಕಾರಿ ಕಣ್ಣು ಒರೆಸಿಕೊಂಡ.

“ಮತ್ತೆ ಈ ಮಾರನ್?” ಎಂದ ಇನ್ಸ್‌ಪೆಕ್ಟರ್, ಅದೇ ನಗುವಿನಲ್ಲಿ. “ಅವನು ಇದ್ದಾನೋ, ಅವನೂ ಸುಲ್ತಾನನೋ?”

ಈಗ ಹೇಳಬೇಕಿತ್ತು. ನಾಲಗೆಯ ತುದಿಗೆ ‘ಕಂಡೆ’ ಎಂಬುದು ಬಂದಿತ್ತು ಎಂದು ಪದ್ಮಪ್ಪ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಅದನ್ನು ಹೇಳಲು ದನಿ ಬದಲಾಗಬೇಕಿತ್ತು, ಮುಖ ಬದಲಾಗಬೇಕಿತ್ತು, ಬಾಗಿಲಲ್ಲಿ ಬಾಯಿ ತೆರೆದು ಕಾಯುತ್ತಿದ್ದ ಅಷ್ಟು ಜನರ ನಗುವನ್ನು ಕೈಯಾರೆ ಕೊಲ್ಲಬೇಕಿತ್ತು. ಬದಲಾಗಲಿಲ್ಲ. ಉಳುಮೆಯ ಎತ್ತು ಹಳೆಯ ಸಾಲಿಗೆ ಬಿದ್ದ ಹಾಗೆ ನಾಲಗೆ ಬಿತ್ತು.

“ಮಾರನ್ ಅಂದರೆ ಯಾವ ಮಾರನ್ ಸಾರ್? ಈ ಸೀಮೆಯಲ್ಲಿ ಮಾರನ್ ಇಲ್ಲದ ಗದ್ದೆ ಎಲ್ಲಿದೆ? ತೆಂಗಿನಕಾಯಿ ಹೋಯಿತು, ಮಾರನ್. ಬದು ಒಡೆಯಿತು, ಮಾರನ್. ಗೋಡೆಯ ಮೇಲೆ ಕೆಂಪಕ್ಷರ ಬಿತ್ತು, ಅದೂ ಮಾರನ್. ಅಕ್ಷರವೇ ಬಾರದವನು ಗೋಡೆ ತುಂಬ ಬರೆದ! ಇಷ್ಟು ಕೈ ಇರುವವನು ಮನುಷ್ಯನಾ ಸಾರ್? ಇದ್ದ ಅಂತ ಹೇಳುವವರು ಯಾರು? ತಾಯಿ. ಯಾವ ತಾಯಿ ಇಲ್ಲ ಅಂತಾಳೆ? ಅವನಿಗೊಂದು ಫೋಟೋ ಇದೆಯಾ? ಮನೆ ಇದೆಯಾ? ಉಣ್ಣೋಕೆ ಒಂದು ತಟ್ಟೆ ಇದೆಯಾ? ನಮ್ಮ ಸುಲ್ತಾನನಿಗಾದರೂ ಹಲಸಿನ ಮರ ಇತ್ತು...”

ಗೋದಾಮಿನ ತಗಡು ನಡುಗುವಂತೆ ನಕ್ಕರು. ಪದ್ಮಪ್ಪ ಕೈಯೆತ್ತಿದ. ಇನ್ನು ಕೊನೆಯದು, ಲೋಟ ಕೆಳಗಿಟ್ಟು ಹೇಳುವುದು. “ಸತ್ತದ್ದನ್ನು ಕಂಡವರು ಯಾರು?” ಎಂದ, ಅಭ್ಯಾಸಬಲದಿಂದ. ಅಷ್ಟರಲ್ಲಿ ಇನ್ಸ್‌ಪೆಕ್ಟರನ ಮುಖ ಕಂಡಿತು. ಅವನ ನಗು ನಿಂತಿತ್ತು. ಉಳಿದವರೆಲ್ಲ ನಗುತ್ತಿದ್ದರು, ಅವನೊಬ್ಬ ನಗುತ್ತಿರಲಿಲ್ಲ. ಗೋಪಾಲನ್‌ನ ಅಂಗಡಿಯಲ್ಲಿ ಬೆಂಕಿಪೊಟ್ಟಣ ಅಲ್ಲಾಡಿಸಿದವನ ಹಾಗೆ, ಬರೀ ಕೇಳುತ್ತಿದ್ದ. ಮಾರನ್ ಎಲ್ಲಿದ್ದಾನೆಂದು, ಎಲ್ಲೂ ಇಲ್ಲವೆಂದು, ಪದ್ಮಪ್ಪನಿಗೆ ಆಗ ತಿಳಿಯಿತು. ಕೈ ಇಳಿಸಿದ.

“ಅಷ್ಟೇ ಸಾರ್” ಎಂದ.

“ಕೊಳ್ಳಾಂ” ಎಂದು ಮೆಚ್ಚಿ ಅಧಿಕಾರಿ ಟೋಪಿ ತೆಗೆದುಕೊಂಡು ಎದ್ದ. “ಹಾಗಾದರೆ ಇಂಥವನನ್ನು ಪೊಲೀಸರು ಕರೆದುಕೊಂಡು ಹೋದದ್ದು ನೀವು ಕಂಡಿಲ್ಲ.” ಅದು ಪ್ರಶ್ನೆಯಾಗಿರಲಿಲ್ಲ. ಉತ್ತರಕ್ಕೆ ಅವನು ಕಾಯಲೂ ಇಲ್ಲ.

ಪದ್ಮಪ್ಪ ಬೇಲಿಯ ಕಡೆ ನೋಡದೆ ಕಾಫಿ ತೋಟಗಳ ಒಳದಾರಿ ಹಿಡಿದ. ಗಿಡಗಳು ಹೂಬಿಟ್ಟಿದ್ದವು, ಆ ವಾಸನೆ ಅವನಿಗೆ ಯಾವತ್ತೂ ಹಿಡಿಸುತ್ತಿತ್ತು, ಇವತ್ತು ಹೆಣದ ಮುಂದೆ ಹಚ್ಚಿದ ಊದುಬತ್ತಿಯ ಹಾಗೆ ಮೂಗಿಗೆ ಅಡರಿತು. ತಾನು ಸುಳ್ಳು ಹೇಳಿಲ್ಲ, ತಮಾಷೆ ಹೇಳಿದ್ದು. ತಮಾಷೆಗೆ ಯಾರೂ ಸಾಯುವುದಿಲ್ಲ. ಹಾಗೆಂದುಕೊಂಡೇ ಅಂಗಳಕ್ಕೆ ಬಂದ. ಅಂಗಳ ಬೇರೆಯವರ ಮನೆಯದರ ಹಾಗೆ ಕಂಡಿತು. ಜಿನಮತಿ ಕೊಟ್ಟಿಗೆಯವರೆಗೂ ಸಗಣಿ ಸಾರಿಸಿದ್ದಳು. ಕುಳಿಗಳ ಸಾಲಿನ ತುದಿ ಸಮವಾಗಿತ್ತು. ಮಾರನದು ಎಲ್ಲಿತ್ತು?

“ಯಾರು ಮುಚ್ಚಿದ್ದು?”

“ನಾನೇ” ಎಂದಳು ಜಿನಮತಿ. “ದೊಡ್ಡ ಆಫೀಸರು ಇಲ್ಲಿಗೂ ಬಂದು ಇದು ಯಾರದು ಅಂತ ಕೇಳಿದರೆ? ಕಾಲಲ್ಲಿ ಅರ್ಧ ಮುಚ್ಚಿದ್ದು ನೀವೇ. ನಾನು ಸಾರಿಸಿದೆ, ಅಷ್ಟೇ.”

“ನಾನು ಅಲ್ಲಿ ಏನು ಹೇಳ್ತೇನೆ ಅಂತ ನಿನಗೇನು ಗೊತ್ತಿತ್ತು?”

ಅವಳು ಸಗಣಿಯ ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಅವನನ್ನು ನೋಡಿದಳು. “ಹೊತ್ತು ಮುಳುಗೋಕೆ ಬಂತು. ಉಣ್ಣೋಕೆ ಏಳಿ” ಎಂದು ಒಳಗೆ ಹೋದಳು. ಇನ್ನು ಸ್ವಲ್ಪ ಹೊತ್ತಿಗೆ ಸೂರ್ಯ ಮುಳುಗಿದರೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ದೀಪಕ್ಕೆ ಬಂದು ಸಾಯುವ ಹುಳುವಿನ ಪಾಪ ಅನ್ನಕ್ಕೆ ಬೀಳಬಾರದೆಂದು.

ಪದ್ಮಪ್ಪ ಮಂಡಿಯೂರಿ ಹಸಿ ಸಗಣಿಯ ಮೇಲೆ ಕೈಯಾಡಿಸಿದ. ಇಲ್ಲಿರಬೇಕು. ಇಲ್ಲ, ಕಂಬದಿಂದ ಇನ್ನೂ ಈಚೆ. ಒತ್ತಿದ, ಕೆರೆದ. ಎಲ್ಲ ಕಡೆಯೂ ಒಂದೇ ನೆಲ. ವರ್ಷಗಟ್ಟಲೆ ದಿನಾ ನೋಡಿದ ಜಾಗ. ನಾಯಿ ಬೊಗಳದೆ ಎದ್ದು ನಿಂತಿತು. ಅವನು ತಲೆಯೆತ್ತಲಿಲ್ಲ. ಬಂದ ಪಾದಗಳು ಅವನನ್ನು ದಾಟಿ ಮುಂದೆ ಹೋಗಿ, ಅವನು ಹುಡುಕದಿದ್ದ ಒಂದು ಜಾಗದ ಪಕ್ಕದಲ್ಲಿ ಯಾವ ಹುಡುಕಾಟವೂ ಇಲ್ಲದೆ ನಿಂತು, ಕುಕ್ಕರಿಸಿದವು.

“ಗೌಡ್ರೇ, ನೀವು ಹೇಳಿದ್ದು ನನಗೆ ಕೇಳಿಸ್ಲಿಲ್ಲ. ದೂರ ಆಯ್ತು” ಎಂದಳು ವೆಳ್ಳಚ್ಚಿ. “ಆದ್ರೆ ಅವರು ನಕ್ಕಿದ್ದು ಕೇಳಿಸ್ತು. ದೊಡ್ಡ ಸಾರ್ ನಗ್ತಾ ನಗ್ತಾ ವಂಡಿ ಹತ್ತಿದ್ರು. ನಾನೂ ನಕ್ಕೆ. ಬೇಲಿ ಹತ್ತಿರ ಇದ್ದ ಪೊಲೀಸು, ಯಾಕೆ ನಗ್ತೀ ಮುದುಕಿ ಅಂತ ಕೇಳಿದ. ನಮ್ಮ ಗೌಡ್ರು ಒಳಗಿದಾರೆ ಅಂದೆ.” ಅವಳು ಸೆರಗಿನೊಳಗಿಂದ ಒಂದು ತಟ್ಟೆ ತೆಗೆದಳು. ಅಲ್ಯುಮಿನಿಯಮ್ಮಿನದು, ಅಂಚು ತಗ್ಗಾದದ್ದು, ಎಲ್ಲಿಂದ ತಂದಳೋ. ಸಾರಿಸಿದ ನೆಲದ ಮೇಲೆ ಅದನ್ನು ಇಟ್ಟು, ಅಲುಗಾಡದ ಹಾಗೆ ಅಂಗೈಯಿಂದ ಒತ್ತಿದಳು. ಹೊಸಮಣ್ಣು ಕುಸಿದು ತಟ್ಟೆ ಸರಿಯಾಗಿ ಅಷ್ಟೇ ಅಗಲದ ಒಂದು ತಗ್ಗಿನಲ್ಲಿ ಕೂತಿತು. “ಬಂದ ಮೇಲೆ ಅವನಿಗೆ ಸಿಟ್ಟು ಬರೋದು ಬೇಡ. ನೀವೂ ಬೈಬೇಡಿ. ಯಾವಾಗ ಬಿಡ್ತಾರಂತೆ ಗೌಡ್ರೇ?”

ಪದ್ಮಪ್ಪ ತಟ್ಟೆಯನ್ನು ಎತ್ತಿಕೊಂಡು ಎದ್ದ. ಯಾಕೆ ಎತ್ತಿಕೊಂಡನೋ ಅವನಿಗೇ ತಿಳಿಯಲಿಲ್ಲ. ಒಳಗಿನಿಂದ ಜಿನಮತಿ ಹೊತ್ತಾಯಿತೆಂದು ಕೂಗುತ್ತಿದ್ದಳು. ತಾವರೆಯ ಕಲ್ಲನ್ನು ತುಳಿದದ್ದು ಗೊತ್ತಾಗಲಿಲ್ಲ. ಕಾಫಿ ತೋಟಗಳ ನಡುವೆ ಈ ವಯಸ್ಸಿನಲ್ಲಿ ಓಡಿದ. ಗೋದಾಮಿನ ಮುಂದೆ ಜೀಪಿನ ಧೂಳು ಇಳಿದು ಎಷ್ಟೋ ಹೊತ್ತಾಗಿತ್ತು. ಇನ್ಸ್‌ಪೆಕ್ಟರ್ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ, ಕಾನ್‌ಸ್ಟೆಬಲ್‌ಗಳು ವಾಲಿಬಾಲಿನ ಬಲೆ ಬಿಚ್ಚುತ್ತಿದ್ದರು. ಅವನನ್ನು ಕಂಡದ್ದೇ ಅವರ ಮುಖಗಳು ಅರಳಿದವು.

“ಓ, ಸುಲ್ತಾನರು ಮತ್ತೆ ಬಂದರು!”

“ಮಾರನ್ ಇದ್ದ” ಎಂದ ಪದ್ಮಪ್ಪ. ಏದುಸಿರು ಬರುತ್ತಿತ್ತು. ತಟ್ಟೆಯನ್ನು ಎರಡು ಕೈಯಲ್ಲೂ ಎದೆಗೆ ಹಿಡಿದುಕೊಂಡಿದ್ದ. “ನನ್ನ ಗದ್ದೆಯಿಂದ ಕರೆದುಕೊಂಡು ಹೋದಿರಿ. ಜೀಪಿಗೆ ಹತ್ತಿಸಿದಿರಿ. ನಾನು ಕಂಡೆ.”

ಒಬ್ಬ ನಕ್ಕ. ತಟ್ಟೆ ನೋಡಿ ಇನ್ನೊಬ್ಬ ನಕ್ಕ. ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡೇ ಎಲ್ಲರೂ ಹತ್ತಿರ ಬಂದು ಅರ್ಧಚಂದ್ರವಾಗಿ ನಿಂತರು. ಬೆಟ್ಟದ ಹಿಂದೆ ಸೂರ್ಯ ಮುಳುಗಿದ. “ನಾನು ಕಂಡೆ” ಎಂದು ಪದ್ಮಪ್ಪ ಮತ್ತೆ ಹೇಳಿದ. ಆ ದನಿಯಲ್ಲಿ ಗೋಪಾಲನ್‌ನ ಅಂಗಡಿಯ ಅದೇ ರಾಗ ಇತ್ತೇನೋ ಎಂದು ಅವನಿಗೇ ಗುಮಾನಿಯಾಯಿತು.

ಇನ್ಸ್‌ಪೆಕ್ಟರ್ ಕಾಲು ನೀಡಿ ಕುರ್ಚಿಗೆ ಒರಗಿದ.

“ಆಮೇಲೆ?” ಎಂದ, ನಗಲು ಸಿದ್ಧನಾಗಿ.